ಡೆಸ್ಕ್‌ಟಾಪಿಗೆ ತಾನಾಗಿ ಬರುವ ಶಾರ್ಟ್‌ಕಟ್‌ಗಳು

ವಿಂಡೋಸ್ ಕಂಪ್ಯೂಟರಿನ ಪರದೆಯ ಮೇಲಿರುವ ಪುಟ್ಟ ಚಿತ್ರಗಳಲ್ಲಿ ಎಡ ಕೆಳಮೂಲೆಗೆ ಬಾಗಿದ ಬಾಣದ ಗುರುತು ಇರುವುದೆಲ್ಲ ಶಾರ್ಟ್‌ಕಟ್. ಅದು ಆಪ್ ಅಲ್ಲ. ಆಪ್ ಎಲ್ಲಿದೆ ಎಂಬ ವಿಳಾಸವನ್ನು ಬರೆದಿಟ್ಟ ಚಿಕ್ಕ ಕಡತ. ಲಿಬ್ರೆಆಫೀಸ್ ರೈಟರ್ ಸಾಮಾನ್ಯವಾಗಿ ಸಿ ಡ್ರೈವಿನ ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿ, ಲಿಬ್ರೆಆಫೀಸ್ ಎಂಬ ಒಳಫೋಲ್ಡರಿನಲ್ಲಿ, ಅದರೊಳಗಿನ ಇನ್ನೊಂದು ಫೋಲ್ಡರಿನಲ್ಲಿ ಕೂತಿರುತ್ತದೆ. ಪತ್ರ ಬರೆಯಲು ಕೂತವರು ಪ್ರತಿ ಸಲವೂ ಇಷ್ಟು ಆಳಕ್ಕೆ ಇಳಿಯಬೇಕಾಗಿಲ್ಲ. ಡೆಸ್ಕ್‌ಟಾಪಿನ ಚಿತ್ರವನ್ನು ಡಬಲ್ ಕ್ಲಿಕ್ ಮಾಡಿದರೆ ವಿಂಡೋಸ್ ಆ ವಿಳಾಸ ಓದಿ ಆಪ್ ತೆರೆಯುತ್ತದೆ. ಶಾರ್ಟ್‌ಕಟ್ ಅಳಿಸಿದರೆ ಆಪ್ ಅಳಿಯುವುದಿಲ್ಲ. ಆಪ್ ತೆಗೆದುಹಾಕಿದ ಮೇಲೂ ಕೆಲವೊಮ್ಮೆ ಶಾರ್ಟ್‌ಕಟ್ ಉಳಿದುಕೊಂಡು, ಕ್ಲಿಕ್ ಮಾಡಿದಾಗ ಕಡತ ಸಿಗಲಿಲ್ಲ ಎಂದು ಹೇಳುತ್ತದೆ.

ಒಂದು ಕಂಪ್ಯೂಟರಿಗೆ ಒಂದೆರಡು ಶಾರ್ಟ್‌ಕಟ್ ಬೇಕಾದರೆ ಮೌಸ್ ಸಾಕು. ಆದರೆ 30 ಕಂಪ್ಯೂಟರುಗಳ ಶಾಲಾ ಲ್ಯಾಬ್‌ನಲ್ಲಿ ಆರು ಆಪ್‌ಗಳಿಗೆ ಶಾರ್ಟ್‌ಕಟ್ ಇಡುವುದೆಂದರೆ ಅದೇ ಕೆಲಸವನ್ನು 180 ಸಲ ಮಾಡಬೇಕು. ನಡುವೆ ಒಂದೆರಡು ತಪ್ಪುತ್ತವೆ, ಹೆಸರುಗಳು ಒಂದೊಂದು ಕಡೆ ಒಂದೊಂದು ಥರ ಆಗುತ್ತವೆ, ಕಂಪ್ಯೂಟರ್ ಫಾರ್ಮ್ಯಾಟ್ ಆದರೆ ಮತ್ತೆ ಮೊದಲಿನಿಂದ ಶುರು. ಇಂಥ ಕೆಲಸವನ್ನು ಒಮ್ಮೆ ಬರೆದಿಟ್ಟ ಆದೇಶಗಳ ಸರಣಿಗೆ, ಅಂದರೆ ಸ್ಕ್ರಿಪ್ಟಿಗೆ, ಒಪ್ಪಿಸುವುದೇ ಸರಿ. ಸ್ಕ್ರಿಪ್ಟ್ ಬರೆಯಲು ವೃತ್ತಿಪರ ಪ್ರೋಗ್ರಾಮರ್ ಆಗಿರಬೇಕಿಲ್ಲ. ಬೇಕಾದ ಆದೇಶಗಳು ಐದಾರು ಸಾಲು ದಾಟುವುದಿಲ್ಲ; ಕಷ್ಟವಿರುವುದು ವಿಳಾಸಗಳನ್ನು ಸರಿಯಾಗಿ ಹಿಡಿಯುವುದರಲ್ಲಿ.

ಡೆಸ್ಕ್‌ಟಾಪ್ ಮೇಲೆ ಚಿತ್ರಗಳನ್ನು ಇಡುವ ಪದ್ಧತಿಯನ್ನು ಮಾರುಕಟ್ಟೆಗೆ ತಂದದ್ದು 1981ರ ಜೆರಾಕ್ಸ್ ಸ್ಟಾರ್ ಕಂಪ್ಯೂಟರ್. ಒಂದು ಕಡತಕ್ಕೆ ಇನ್ನೊಂದು ಕಡೆಯಿಂದ ದಾರಿ ತೋರುವ ‘ಏಲಿಯಸ್’ 1991ರಲ್ಲಿ ಆಪಲ್‌ನ ಸಿಸ್ಟಂ 7ರೊಂದಿಗೆ ಬಂತು. ವಿಂಡೋಸ್ 3.1ರಲ್ಲಿ ಪ್ರೋಗ್ರಾಂ ಮ್ಯಾನೇಜರ್ ಎಂಬ ಕಿಟಕಿಯೊಳಗೆ ಐಕಾನ್‌ಗಳು ಗುಂಪುಗುಂಪಾಗಿ ಇರುತ್ತಿದ್ದವು. 1995ರ ಆಗಸ್ಟ್ 24ರಂದು ಬಿಡುಗಡೆಯಾದ ವಿಂಡೋಸ್ 95 ಅದನ್ನು ಬದಿಗಿಟ್ಟು, ಸ್ಟಾರ್ಟ್ ಮೆನುವನ್ನೂ ಇಂದಿಗೂ ಬಳಕೆಯಲ್ಲಿರುವ ಶಾರ್ಟ್‌ಕಟ್ ಕಡತವನ್ನೂ ತಂದಿತು.

ಈ ಕಡತದ ಹೆಸರಿನ ಕೊನೆಗೆ ‘ಎಲ್‌ಎನ್‌ಕೆ’ ಎಂಬ ಮೂರಕ್ಷರದ ಬಾಲವಿರುತ್ತದೆ. ಉಳಿದ ಕಡತಗಳ ಬಾಲ ತೋರಿಸು ಎಂದು ಸೆಟ್ಟಿಂಗ್ ಬದಲಿಸಿದರೂ ಎಕ್ಸ್‌ಪ್ಲೋರರ್ ಇದನ್ನು ಮಾತ್ರ ತೋರಿಸುವುದಿಲ್ಲ. ಒಳಗೆ 76 ಬೈಟ್‌ಗಳ ಶಿರೋಭಾಗ, ಅದರ ಬೆನ್ನಿಗೆ ಗುರಿಯ ವಿಳಾಸ, ಆಪ್‌ಗೆ ಕೊಡಬೇಕಾದ ಹೆಚ್ಚುವರಿ ಸೂಚನೆಗಳು, ಯಾವ ಫೋಲ್ಡರಿನಲ್ಲಿ ನಿಂತು ಕೆಲಸ ಶುರು ಮಾಡಬೇಕು ಎಂಬ ಮಾಹಿತಿ, ಐಕಾನ್ ಎಲ್ಲಿಂದ ತರಬೇಕು ಎಂಬ ಸುಳಿವು ಇರುತ್ತವೆ. ಗುರಿ ಕಡತದ ಗಾತ್ರ, ಅದು ಹುಟ್ಟಿದ ಸಮಯ, ಅದಿರುವ ಡಿಸ್ಕಿನ ಕ್ರಮಸಂಖ್ಯೆಯನ್ನೂ ವಿಂಡೋಸ್ ಇದರಲ್ಲಿ ದಾಖಲಿಸುತ್ತದೆ. ಆಪ್ ಬೇರೆ ಫೋಲ್ಡರಿಗೆ ಹೋದರೂ ಕೆಲವು ಸಲ ಶಾರ್ಟ್‌ಕಟ್ ಅದನ್ನು ಹುಡುಕಿ ತರುವುದು ಇಂಥ ಗುರುತುಗಳ ಬಲದಿಂದಲೇ.

ಈ ಕಡತ ಸಾದಾ ಅಕ್ಷರಗಳಲ್ಲಿ ಇಲ್ಲದ ಕಾರಣ ನೋಟ್‌ಪ್ಯಾಡಿನಲ್ಲಿ ಬರೆದು ಉಳಿಸಲಾಗದು. ಅದನ್ನು ವಿಂಡೋಸ್‌ನ ಕೈಯಲ್ಲೇ ಬರೆಸಬೇಕು. ಇದಕ್ಕಾಗಿ ವಿಂಡೋಸ್ 98ರ ಕಾಲದಿಂದ ‘ಡಬ್ಲ್ಯೂಸ್ಕ್ರಿಪ್ಟ್ ಶೆಲ್’ ಎಂಬ ಸೌಲಭ್ಯವಿದೆ. ಮೊದಲು ಇದನ್ನು ವಿಬಿಸ್ಕ್ರಿಪ್ಟ್ ಭಾಷೆಯಿಂದ ಕರೆಯುತ್ತಿದ್ದರು. ವಿಬಿಸ್ಕ್ರಿಪ್ಟನ್ನು ಕೈಬಿಡುವುದಾಗಿ ಮೈಕ್ರೋಸಾಫ್ಟ್ 2023ರಲ್ಲಿ ಪ್ರಕಟಿಸಿರುವುದರಿಂದ ಹೊಸದಾಗಿ ಬರೆಯುವವರು 2006ರಲ್ಲಿ ಬಂದ ಪವರ್‌ಶೆಲ್ ಹಿಡಿಯುವುದೇ ಲೇಸು. ಅಂತರ್ಜಾಲದಲ್ಲಿ ಸಿಗುವ ಹಳೆಯ ಮಾದರಿಗಳಲ್ಲಿ ಬಹಳಷ್ಟು ಇನ್ನೂ ವಿಬಿಸ್ಕ್ರಿಪ್ಟಿನಲ್ಲೇ ಇವೆ. ಅವುಗಳ ಮೇಲೆ ಹೊಸ ವ್ಯವಸ್ಥೆ ಕಟ್ಟಬಾರದು.

ಪವರ್‌ಶೆಲ್‌ನಲ್ಲಿ ಕೆಲಸ ನಡೆಯುವ ಕ್ರಮ ಸರಳ. ಮೊದಲ ಆದೇಶ ಡಬ್ಲ್ಯೂಸ್ಕ್ರಿಪ್ಟ್ ಶೆಲ್ ಅನ್ನು ಎಬ್ಬಿಸುತ್ತದೆ. ಎರಡನೆಯದು ‘ಕ್ರಿಯೇಟ್ ಶಾರ್ಟ್‌ಕಟ್’; ಶಾರ್ಟ್‌ಕಟ್ ಎಲ್ಲಿ, ಯಾವ ಹೆಸರಿನಲ್ಲಿ ಇರಬೇಕು ಎಂಬುದನ್ನು ಇಲ್ಲಿ ಹೇಳಬೇಕು. ಮುಂದೆ ‘ಟಾರ್ಗೆಟ್ ಪಾತ್’ ಎದುರು ಆಪ್‌ನ ವಿಳಾಸ, ಬೇಕಿದ್ದರೆ ‘ಆರ್ಗ್ಯುಮೆಂಟ್ಸ್’ ಎದುರು ಹೆಚ್ಚುವರಿ ಸೂಚನೆ, ‘ವರ್ಕಿಂಗ್ ಡೈರೆಕ್ಟರಿ’ ಎದುರು ಕೆಲಸದ ಫೋಲ್ಡರ್, ‘ಐಕಾನ್ ಲೊಕೇಶನ್’ ಎದುರು ಚಿತ್ರದ ಜಾಗ. ಕೊನೆಗೆ ‘ಸೇವ್’. ಈ ಕೊನೆಯ ಸಾಲು ಬಿಟ್ಟುಹೋದರೆ ಯಾವ ದೋಷವೂ ವರದಿಯಾಗುವುದಿಲ್ಲ, ಶಾರ್ಟ್‌ಕಟ್ಟೂ ಹುಟ್ಟುವುದಿಲ್ಲ. ಕಿಟಕಿ ಯಾವ ಗಾತ್ರದಲ್ಲಿ ತೆರೆಯಬೇಕು ಎಂಬುದಕ್ಕೂ ಅಂಕಿಗಳಿವೆ: 1 ಎಂದರೆ ಸಾಮಾನ್ಯ, 3 ಎಂದರೆ ಪರದೆ ತುಂಬ, 7 ಎಂದರೆ ಕೆಳಗಿನ ಪಟ್ಟಿಗೆ ಇಳಿದ ಸ್ಥಿತಿ. ಅದೇ ಹೆಸರಿನ ಶಾರ್ಟ್‌ಕಟ್ ಮೊದಲೇ ಇದ್ದರೆ ಸ್ಕ್ರಿಪ್ಟ್ ಇನ್ನೊಂದನ್ನು ಸೇರಿಸುವುದಿಲ್ಲ, ಇದ್ದುದನ್ನೇ ತಿದ್ದುತ್ತದೆ. ಹಾಗಾಗಿ ಎಷ್ಟು ಸಲ ಓಡಿಸಿದರೂ ಡೆಸ್ಕ್‌ಟಾಪಿನಲ್ಲಿ ಒಂದೇ ಪ್ರತಿ ಇರುತ್ತದೆ.

ಶಾರ್ಟ್‌ಕಟ್ ಎಲ್ಲಿ ಇಡಬೇಕು ಎಂಬಲ್ಲೇ ಹೆಚ್ಚು ಸ್ಕ್ರಿಪ್ಟ್‌ಗಳು ಎಡವುವುದು. ಸಿ ಡ್ರೈವ್, ಅದರೊಳಗೆ ಯೂಸರ್ಸ್, ಬಳಕೆದಾರರ ಹೆಸರು, ಡೆಸ್ಕ್‌ಟಾಪ್ ಎಂದು ವಿಳಾಸವನ್ನು ನೇರವಾಗಿ ಬರೆದುಬಿಡುವುದು ರೂಢಿ. ಒನ್‌ಡ್ರೈವ್ ಬ್ಯಾಕಪ್ ಚಾಲೂ ಇದ್ದರೆ ಡೆಸ್ಕ್‌ಟಾಪ್ ಫೋಲ್ಡರ್ ಒನ್‌ಡ್ರೈವ್‌ನ ಒಳಕ್ಕೆ ಸ್ಥಳಾಂತರವಾಗಿರುತ್ತದೆ. ಆಗ ಹಳೆಯ ವಿಳಾಸಕ್ಕೆ ಬರೆದ ಶಾರ್ಟ್‌ಕಟ್ ಯಾರ ಕಣ್ಣಿಗೂ ಬೀಳುವುದಿಲ್ಲ. ‘ಡೆಸ್ಕ್‌ಟಾಪ್ ಎಲ್ಲಿದೆ’ ಎಂದು ವಿಂಡೋಸನ್ನೇ ಕೇಳುವ ‘ಗೆಟ್ ಫೋಲ್ಡರ್ ಪಾತ್’ ಎಂಬ ಆದೇಶವಿದೆ. ಅದನ್ನು ಬಳಸಿದರೆ ಫೋಲ್ಡರ್ ಎಲ್ಲಿಗೆ ಹೋಗಿದ್ದರೂ ಉತ್ತರ ಸರಿಯಾಗಿ ಸಿಗುತ್ತದೆ. ಒಂದೇ ಕಂಪ್ಯೂಟರನ್ನು ಹಲವರು ತಮ್ಮತಮ್ಮ ಹೆಸರಿನಲ್ಲಿ ಬಳಸುವ ಕಡೆ, ಯೂಸರ್ಸ್ ಫೋಲ್ಡರಿನ ‘ಪಬ್ಲಿಕ್’ ಎಂಬುದರಲ್ಲಿರುವ ಡೆಸ್ಕ್‌ಟಾಪಿಗೆ ಬರೆಯಬೇಕು. ಅಲ್ಲಿಟ್ಟದ್ದು ಎಲ್ಲರ ಪರದೆಯಲ್ಲೂ ಕಾಣುತ್ತದೆ. ಇದಕ್ಕೆ ಅಡ್ಮಿನಿಸ್ಟ್ರೇಟರ್ ಅಧಿಕಾರ ಬೇಕು.

ಆಪ್ ಎಲ್ಲಿದೆ ಎಂಬುದನ್ನೂ ಊಹಿಸಬೇಕಾಗಿಲ್ಲ. ಹೆಚ್ಚಿನ ಆಪ್‌ಗಳು ಇನ್‌ಸ್ಟಾಲ್ ಆಗುವಾಗಲೇ ಸ್ಟಾರ್ಟ್ ಮೆನುವಿನಲ್ಲಿ ಒಂದು ಶಾರ್ಟ್‌ಕಟ್ ಇಡುತ್ತವೆ. ಇನ್‌ಸ್ಟಾಲ್ ಮಾಡುವಾಗ ‘ಡೆಸ್ಕ್‌ಟಾಪ್ ಐಕಾನ್ ಬೇಕೇ’ ಎಂದು ಕೇಳುವ ಚೌಕದ ಹಿಂದೆಯೂ ಇಂಥದ್ದೇ ಸ್ಕ್ರಿಪ್ಟ್ ಇದೆ. ಇನ್ನೋ ಸೆಟಪ್, ಎನ್‌ಎಸ್‌ಐಎಸ್ ಮೊದಲಾದ ಉಚಿತ ಸಾಧನಗಳಿಂದ ಇನ್‌ಸ್ಟಾಲರ್ ಕಟ್ಟುವವರು ಅದನ್ನು ಮೊದಲೇ ಬರೆದಿಟ್ಟಿರುತ್ತಾರೆ. ಎಲ್ಲ ಬಳಕೆದಾರರಿಗೂ ಸೇರಿದ ಸ್ಟಾರ್ಟ್ ಮೆನು ಶಾರ್ಟ್‌ಕಟ್‌ಗಳು ಸಿ ಡ್ರೈವಿನ ‘ಪ್ರೋಗ್ರಾಂ ಡೇಟಾ’ ಫೋಲ್ಡರಿನ ಒಳಗಿರುತ್ತವೆ, ಒಬ್ಬರಿಗೆ ಮಾತ್ರ ಸೇರಿದವು ಅವರ ‘ಆಪ್ ಡೇಟಾ’ ಫೋಲ್ಡರಿನಲ್ಲಿ. ಈ ಎರಡು ಕಡೆಯಿಂದ ಬೇಕಾದ ಹೆಸರಿನವನ್ನು ಹುಡುಕಿ ಡೆಸ್ಕ್‌ಟಾಪಿಗೆ ನಕಲು ಮಾಡುವುದು ಅತ್ಯಂತ ನಂಬಿಕಸ್ತ ವಿಧಾನ. ಆಪ್‌ನ ಹೊಸ ಆವೃತ್ತಿ ಬಂದು ವಿಳಾಸ ಬದಲಾದಾಗ ಸ್ಟಾರ್ಟ್ ಮೆನುವಿನ ಶಾರ್ಟ್‌ಕಟ್ಟನ್ನು ಇನ್‌ಸ್ಟಾಲರ್ ತಿದ್ದಿರುತ್ತದೆ. ಸ್ಕ್ರಿಪ್ಟನ್ನು ಮತ್ತೊಮ್ಮೆ ಓಡಿಸಿದರೆ ಡೆಸ್ಕ್‌ಟಾಪಿನದೂ ಸರಿಯಾಗುತ್ತದೆ. ಆದರೆ ಸಿಕ್ಕಿದ್ದೆಲ್ಲವನ್ನೂ ತಂದು ಸುರಿಯಬಾರದು. ಅದೇ ಫೋಲ್ಡರುಗಳಲ್ಲಿ ಅನ್‌ಇನ್‌ಸ್ಟಾಲ್, ಹೆಲ್ಪ್, ರೀಡ್‌ಮಿ ಇವುಗಳ ಶಾರ್ಟ್‌ಕಟ್‌ಗಳೂ ಇರುತ್ತವೆ. ಮಕ್ಕಳು ಕೂರುವ ಲ್ಯಾಬ್‌ನ ಡೆಸ್ಕ್‌ಟಾಪಿನಲ್ಲಿ ಅನ್‌ಇನ್‌ಸ್ಟಾಲ್ ಇರುವುದು ಅಪಾಯ. ಬೇಕಾದ ಆಪ್‌ಗಳ ಹೆಸರುಗಳನ್ನು ಪಟ್ಟಿ ಮಾಡಿ, ಆ ಪಟ್ಟಿಯಲ್ಲಿದ್ದವನ್ನಷ್ಟೇ ತರುವಂತೆ ಬರೆಯಬೇಕು. ಪಟ್ಟಿಯಲ್ಲಿದ್ದ ಆಪ್ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಶಾರ್ಟ್‌ಕಟ್ ಮಾಡದೆ, ಅದು ಸಿಗಲಿಲ್ಲ ಎಂದು ಪರದೆಯಲ್ಲಿ ತಿಳಿಸುವ ಒಂದು ಸಾಲೂ ಇರಲಿ. ಗುರಿ ಇಲ್ಲದ ಶಾರ್ಟ್‌ಕಟ್ಟನ್ನು ವಿಂಡೋಸ್ ತಕರಾರಿಲ್ಲದೆ ಮಾಡಿಕೊಡುವುದರಿಂದ ಈ ಎಚ್ಚರ ಸ್ಕ್ರಿಪ್ಟಿನಲ್ಲೇ ಇರಬೇಕಾಗುತ್ತದೆ.

ಮೈಕ್ರೋಸಾಫ್ಟ್ ಸ್ಟೋರಿನಿಂದ ಬಂದ ಆಪ್‌ಗಳದ್ದು ಬೇರೆ ದಾರಿ. ಅವುಗಳ ಕಡತಗಳಿರುವ ಫೋಲ್ಡರನ್ನು ವಿಂಡೋಸ್ ಸಾಮಾನ್ಯ ಬಳಕೆದಾರರಿಗೆ ಮುಚ್ಚಿಟ್ಟಿರುತ್ತದೆ. ಪ್ರತಿಯೊಂದಕ್ಕೂ ಒಂದು ಗುರುತಿನ ಸಂಕೇತವಿದ್ದು, ‘ಗೆಟ್ ಸ್ಟಾರ್ಟ್ ಆಪ್ಸ್’ ಎಂಬ ಪವರ್‌ಶೆಲ್ ಆದೇಶ ಎಲ್ಲ ಆಪ್‌ಗಳ ಹೆಸರನ್ನೂ ಸಂಕೇತವನ್ನೂ ಪಟ್ಟಿ ಮಾಡಿ ಕೊಡುತ್ತದೆ. ಶಾರ್ಟ್‌ಕಟ್ಟಿನ ಗುರಿಯಾಗಿ ಎಕ್ಸ್‌ಪ್ಲೋರರನ್ನು ಇಟ್ಟು, ಹೆಚ್ಚುವರಿ ಸೂಚನೆಯ ಜಾಗದಲ್ಲಿ ‘ಆಪ್ಸ್ ಫೋಲ್ಡರ್’ ಜೊತೆ ಆ ಸಂಕೇತ ಬರೆದರೆ ಆಪ್ ತೆರೆಯುತ್ತದೆ.

ಬರೆದ ಸ್ಕ್ರಿಪ್ಟ್ ತಾನಾಗಿ ಓಡಬೇಕಾದರೆ ಟಾಸ್ಕ್ ಶೆಡ್ಯೂಲರ್‌ಗೆ ಹೇಳಿ, ಬಳಕೆದಾರರು ಲಾಗಿನ್ ಆದಾಗಲೆಲ್ಲ ಅದನ್ನು ನಡೆಸುವಂತೆ ಮಾಡಬಹುದು. ಎಲ್ಲ ಕಂಪ್ಯೂಟರುಗಳೂ ಒಂದೇ ಸರ್ವರಿಗೆ ಸೇರಿದ ಕಚೇರಿಗಳಲ್ಲಿ ಗ್ರೂಪ್ ಪಾಲಿಸಿಯೊಳಗೆ ಶಾರ್ಟ್‌ಕಟ್‌ಗೆಂದೇ ವಿಭಾಗವಿದೆ. ಅಲ್ಲಿ ಸ್ಕ್ರಿಪ್ಟಿನ ಅಗತ್ಯವೇ ಬೀಳದು.

ಲಿನಕ್ಸ್‌ನಲ್ಲಿ ವ್ಯವಸ್ಥೆ ಹೆಚ್ಚು ತೆರೆದ ಸ್ವರೂಪದ್ದು. ಅಲ್ಲಿ ಶಾರ್ಟ್‌ಕಟ್ ಎಂದರೆ ‘ಡೆಸ್ಕ್‌ಟಾಪ್’ ಎಂಬ ಬಾಲವುಳ್ಳ ಸಾದಾ ಪಠ್ಯ ಕಡತ. ಯಾವ ಎಡಿಟರಿನಲ್ಲಾದರೂ ತೆರೆದು ಓದಬಹುದು, ಕೈಯಾರೆ ಬರೆಯಬಹುದು. ಇದರ ನಿಯಮಗಳನ್ನು ಫ್ರೀಡೆಸ್ಕ್‌ಟಾಪ್ ಎಂಬ ಯೋಜನೆ ರೂಪಿಸಿದ್ದು, ಗ್ನೋಮ್, ಕೆಡಿಇ, ಎಕ್ಸ್‌ಎಫ್‌ಸಿಇ ಎಂಬ ಮೂರು ಡೆಸ್ಕ್‌ಟಾಪ್ ವ್ಯವಸ್ಥೆಗಳೂ ಅವನ್ನೇ ಪಾಲಿಸುತ್ತವೆ. ‘ನೇಮ್’ ಎದುರು ಹೆಸರು, ‘ಎಕ್ಸೆಕ್’ ಎದುರು ಓಡಿಸಬೇಕಾದ ಆದೇಶ, ‘ಐಕಾನ್’ ಎದುರು ಚಿತ್ರ, ‘ಟೈಪ್’ ಎದುರು ಅಪ್ಲಿಕೇಶನ್ ಎಂಬ ಪದ ಇದ್ದರೆ ಕೆಲಸ ನಡೆಯುತ್ತದೆ. ಇನ್‌ಸ್ಟಾಲ್ ಆದ ಆಪ್‌ಗಳ ಇಂಥ ಕಡತಗಳು ಸಿಸ್ಟಮ್ಮಿನ ‘ಅಪ್ಲಿಕೇಶನ್ಸ್’ ಫೋಲ್ಡರಿನಲ್ಲಿ ಮೊದಲೇ ಸಿದ್ಧವಾಗಿರುತ್ತವೆ; ಫ್ಲಾಟ್‌ಪ್ಯಾಕ್ ಮತ್ತು ಸ್ನ್ಯಾಪ್ ಎಂಬ ಆಪ್ ವಿತರಣಾ ವ್ಯವಸ್ಥೆಗಳ ಮೂಲಕ ಬಂದವಕ್ಕೆ ಬೇರೆ ಫೋಲ್ಡರುಗಳಿವೆ. ಬಳಕೆಯ ಭಾಷೆಗೆ ತಕ್ಕಂತೆ ಡೆಸ್ಕ್‌ಟಾಪ್ ಫೋಲ್ಡರಿನ ಹೆಸರೂ ಬದಲಾಗಬಹುದಾದ್ದರಿಂದ ಇಲ್ಲೂ ಊಹಿಸದೆ ‘ಎಕ್ಸ್‌ಡಿಜಿ ಯೂಸರ್ ಡಿರ್’ ಎಂಬ ಆದೇಶದಿಂದ ಕೇಳಿ ತಿಳಿಯಬೇಕು.

ನಕಲು ಮಾಡಿದ ಮೇಲೆ ಆ ಕಡತಕ್ಕೆ ಓಡುವ ಅನುಮತಿ ಕೊಡಬೇಕು. ಉಬುಂಟುವಿನ ಡೆಸ್ಕ್‌ಟಾಪಿನಲ್ಲಿ ಅದಷ್ಟೇ ಸಾಲದು; ರೈಟ್ ಕ್ಲಿಕ್ ಮಾಡಿ ‘ಅಲೌ ಲಾಂಚಿಂಗ್’ ಎಂದೂ ಹೇಳಬೇಕು. ಸ್ಕ್ರಿಪ್ಟಿನಲ್ಲಾದರೆ ‘ಜಿಯೋ’ ಎಂಬ ಆದೇಶದಿಂದ ಕಡತಕ್ಕೆ ನಂಬಿಕೆಯ ಗುರುತು ಹಾಕುತ್ತಾರೆ. 2018ರಲ್ಲಿ ಗ್ನೋಮ್ 3.28 ತನ್ನ ಫೈಲ್ ಮ್ಯಾನೇಜರಿನಿಂದ ಡೆಸ್ಕ್‌ಟಾಪ್ ಐಕಾನ್‌ಗಳನ್ನೇ ತೆಗೆದುಹಾಕಿತು. ಹಾಗಾಗಿ ಕೆಲವು ಲಿನಕ್ಸ್‌ಗಳಲ್ಲಿ ಎಕ್ಸ್‌ಟೆನ್ಶನ್ ಹಾಕಿಕೊಳ್ಳದೆ ಪರದೆಯ ಮೇಲೆ ಏನೂ ಕಾಣುವುದಿಲ್ಲ.

ಈ ಅನುಮತಿಗಳು ಕಿರಿಕಿರಿ ಎನಿಸಿದರೂ ಅವುಗಳಿಗೆ ಬಲವಾದ ಕಾರಣವಿದೆ. ಶಾರ್ಟ್‌ಕಟ್ಟಿನ ಹೆಸರು ಮತ್ತು ಚಿತ್ರ ಒಂದಾಗಿದ್ದು, ಒಳಗಿನ ಗುರಿ ಇನ್ನೊಂದಾಗಿರಬಹುದು. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ಹಾನಿಕಾರಕ ತಂತ್ರಾಂಶ ವಿಂಡೋಸ್ ಶಾರ್ಟ್‌ಕಟ್‌ನ ದೋಷವೊಂದನ್ನು ಬಳಸಿ ಪೆನ್‌ಡ್ರೈವ್ ಮೂಲಕ ಹರಡಿತು. ಕ್ಲಿಕ್ ಮಾಡುವುದೂ ಬೇಡ, ಫೋಲ್ಡರ್ ತೆರೆದು ಐಕಾನ್ ಪರದೆಗೆ ಬಂದರೆ ಸಾಕಿತ್ತು. ಮೈಕ್ರೋಸಾಫ್ಟ್ ಆ ದೋಷವನ್ನು ಅದೇ ವರ್ಷದ ಆಗಸ್ಟಿನಲ್ಲಿ ಮುಚ್ಚಿತು. ಇಮೇಲ್‌ಗೆ ಅಂಟಿಸಿ ಕಳಿಸುವ ಮೋಸದ ಶಾರ್ಟ್‌ಕಟ್‌ಗಳು ಇಂದಿಗೂ ನಿಂತಿಲ್ಲ. ವೈಯಕ್ತಿಕ ಕಂಪ್ಯೂಟರುಗಳಲ್ಲಿ ಪವರ್‌ಶೆಲ್ ಸ್ಕ್ರಿಪ್ಟ್ ಕಡತಗಳು ಓಡದಂತೆ ವಿಂಡೋಸ್ ಮೊದಲಿಗೆ ತಡೆ ಹಾಕಿರುವುದೂ ಇಂಥ ಭಯದಿಂದಲೇ. ಆ ತಡೆಯನ್ನು ‘ರಿಮೋಟ್ ಸೈನ್ಡ್’ ಮಟ್ಟಕ್ಕೆ ಸಡಿಲಿಸಿದರೆ ಸ್ವಂತ ಸ್ಕ್ರಿಪ್ಟ್ ಓಡುತ್ತದೆ. ಪೂರ್ತಿ ತೆಗೆದುಹಾಕುವುದು ಬೇಡ. ಬೇರೆಯವರಿಂದ ಬಂದ ಸ್ಕ್ರಿಪ್ಟನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಪ್ರತಿ ಸಾಲನ್ನೂ ಓದಿದ ಮೇಲೆಯೇ ಓಡಿಸಬೇಕು.

ಉಳಿದದ್ದು ಹೆಸರಿನ ವಿಚಾರ, ಕನ್ನಡ ಬಳಸುವವರಿಗೆ ಇದು ಮುಖ್ಯ. ಲಿನಕ್ಸ್‌ನ ಶಾರ್ಟ್‌ಕಟ್ ಕಡತದಲ್ಲಿ ‘ನೇಮ್’ ಪದದ ಪಕ್ಕ ಚೌಕ ಆವರಣದೊಳಗೆ ಕನ್ನಡದ ಭಾಷಾ ಸಂಕೇತವಾದ ‘ಕೆಎನ್’ ಬರೆದು, ಎದುರಿಗೆ ಕನ್ನಡ ಹೆಸರು ಕೊಟ್ಟರೆ ಸಾಕು. ಕನ್ನಡ ಆಯ್ದುಕೊಂಡವರಿಗೆ ಆ ಹೆಸರು, ಇಂಗ್ಲಿಷ್ ಆಯ್ದುಕೊಂಡವರಿಗೆ ಇಂಗ್ಲಿಷ್ ಹೆಸರು ಕಾಣುತ್ತದೆ. ವಿಂಡೋಸ್‌ನಲ್ಲಿ ಇದು ಅಷ್ಟು ಸಲೀಸಲ್ಲ. ಕನ್ನಡ ಲಿಪಿ ವಿಂಡೋಸ್‌ಗೆ ಬಂದದ್ದು 2001ರ ಎಕ್ಸ್‌ಪಿ ಕಾಲಕ್ಕೆ, ಯೂನಿಕೋಡ್ ಮೂಲಕ. ಡಬ್ಲ್ಯೂಸ್ಕ್ರಿಪ್ಟ್ ಶೆಲ್ ಅದಕ್ಕಿಂತ ಹಳೆಯದು. ಶಾರ್ಟ್‌ಕಟ್ ಉಳಿಸುವಾಗ ಅದು ಯೂನಿಕೋಡಿಗೆ ಮುಂಚಿನ ಅಕ್ಷರ ಕೋಷ್ಟಕವನ್ನು ನೆಚ್ಚುತ್ತದೆ, ಆ ಕೋಷ್ಟಕದಲ್ಲಿ ಕನ್ನಡವಿಲ್ಲ. ಹಾಗಾಗಿ ‘ಬರಹ ಪುಟ’ ಎಂಬ ಹೆಸರಿನಲ್ಲಿ ಉಳಿಸು ಎಂದರೆ ಅಕ್ಷರಗಳು ಪ್ರಶ್ನೆಚಿಹ್ನೆಗಳಾಗಿ, ಉಳಿಸಲಾಗಲಿಲ್ಲ ಎಂಬ ದೋಷ ಬರುತ್ತದೆ. ಪರಿಹಾರ ಸುಲಭ. ಮೊದಲು ಇಂಗ್ಲಿಷ್ ಹೆಸರಿನಲ್ಲಿ ಉಳಿಸಿ, ಮುಂದಿನ ಸಾಲಿನಲ್ಲಿ ಪವರ್‌ಶೆಲ್‌ನ ‘ರಿನೇಮ್ ಐಟಂ’ ಆದೇಶದಿಂದ ಕನ್ನಡಕ್ಕೆ ಬದಲಿಸಬೇಕು. ಆ ಆದೇಶಕ್ಕೆ ಯೂನಿಕೋಡ್ ಪೂರ್ತಿ ಗೊತ್ತು. ಸ್ಕ್ರಿಪ್ಟ್ ಮತ್ತೆ ಓಡುವಾಗ ಎರಡು ಪ್ರತಿ ಆಗದಂತೆ, ಹಳೆಯ ಕನ್ನಡ ಹೆಸರಿನದು ಇದ್ದರೆ ಮೊದಲು ಅದನ್ನು ಅಳಿಸುವ ಸಾಲೂ ಬೇಕು. ವಿಂಡೋಸ್ ಜೊತೆಗೇ ಬರುವ ಪವರ್‌ಶೆಲ್ 5.1 ಬಳಸುವುದಾದರೆ ಸ್ಕ್ರಿಪ್ಟ್ ಕಡತವನ್ನು ‘ಯುಟಿಎಫ್-8 ವಿತ್ ಬಿಒಎಂ’ ಎಂಬ ಆಯ್ಕೆಯಲ್ಲಿ ಉಳಿಸಬೇಕು, ಇಲ್ಲವಾದರೆ ಒಳಗಿನ ಕನ್ನಡ ಅಕ್ಷರಗಳನ್ನು ಅದು ತಪ್ಪಾಗಿ ಓದುತ್ತದೆ.

ಕನ್ನಡ ಮಾಧ್ಯಮ ಶಾಲೆಗಳ ಲ್ಯಾಬ್ ಸಿದ್ಧಪಡಿಸುವವರು, ಗ್ರಂಥಾಲಯಗಳ ಕಂಪ್ಯೂಟರ್ ನೋಡಿಕೊಳ್ಳುವವರು ದಯವಿಟ್ಟು ಈ ಒಂದೆರಡು ಸಾಲುಗಳನ್ನು ತಮ್ಮ ಸ್ಕ್ರಿಪ್ಟಿಗೆ ಸೇರಿಸಿಕೊಳ್ಳಲಿ. ಮೊದಲ ಸಲ ಮೌಸ್ ಹಿಡಿಯುವ ಮಗುವಿಗೆ ಪರದೆಯ ಮೇಲಿನ ಹೆಸರುಗಳನ್ನು ಓದಲು ಬರಬೇಕು.