ಬೇಹಿನ ಕಡತಗಳೂ ಮಾಹಿತಿಯ ಹಕ್ಕೂ: ಒಂದು ಪ್ರತಿಪ್ರಸವ ವಿಚಾರ

ಧಾರವಾಡ ಪ್ರಾಂತದ ಆಧುನಿಕ ಸಾಹಿತ್ಯಚರಿತ್ರೆಯನ್ನೂ ರಾಜಕೀಯ ಚರಿತ್ರೆಯನ್ನೂ ಒಟ್ಟಿಗೆ ಶೋಧಿಸಹೊರಟ ವಿದ್ವಾಂಸರಿಗೆ ಒಂದು ವಿಪರ್ಯಾಸವು ಬೇಗನೆ ಗೋಚರವಾಗುತ್ತದೆ. ಪರರ ಆಳಿಕೆಯ ಕಾಲದಲ್ಲಿ ಬೇಹುಗಾರರು ಈ ನಾಡಿನ ಲೇಖಕರನ್ನೂ ದೇಶಭಕ್ತರನ್ನೂ ಕುರಿತು ಬರೆದಿಟ್ಟ ಎಷ್ಟೋ ಗುಪ್ತಪತ್ರಗಳನ್ನು ಇಂದು ಪತ್ರಾಗಾರದಲ್ಲಿ ಕುಳಿತು ನಿಶ್ಚಿಂತೆಯಿಂದ ಓದಬಹುದು. ಸ್ವರಾಜ್ಯವು ಪ್ರಾಪ್ತವಾದ ಮೇಲೆ ಸ್ವಜನರೇ ಬರೆದಿಟ್ಟ ಅದೇ ಜಾತಿಯ ಪತ್ರಗಳಾದರೋ ಕಣ್ಣಿಗೆ ಬೀಳಲೊಲ್ಲವು. ಈ ವ್ಯತ್ಯಾಸವು ಆಕಸ್ಮಿಕವಾದುದಲ್ಲ. ಅದಕ್ಕೆ ಶಾಸನದಲ್ಲಿಯೇ ಮೂಲವುಂಟು. ಆ ಮೂಲವು ಎಲ್ಲಿದೆ, ಅದರ ವ್ಯಾಪ್ತಿ ಎಷ್ಟು, ಅದರೊಳಗೆ ಶೋಧಕನಿಗೆ ಉಳಿದಿರುವ ಅವಕಾಶವೇನು ಎಂಬುದೇ ಪ್ರಕೃತ ಲೇಖನದ ವಿಷಯವಾಗಿದೆ.

ಮೊದಲು ಹಳೆಯ ಪತ್ರಗಳ ಸ್ವರೂಪವನ್ನು ನೋಡಬೇಕು. 1956ನೆಯ ಇಸವಿಯ ವರೆಗೆ ಧಾರವಾಡ ಜಿಲ್ಲೆಯು ಮುಂಬಯಿ ಆಡಳಿತಕ್ಕೆ ಸೇರಿದ್ದಿತಷ್ಟೆ. ಆದುದರಿಂದ 1921ನೆಯ ಜುಲೈ 1ರಂದು ಧಾರವಾಡದಲ್ಲಿ ಹೆಂಡದಂಗಡಿಯ ಮುಂದಣ ಸತ್ಯಾಗ್ರಹದ ಸಂದರ್ಭದಲ್ಲಿ ಪೊಲೀಸರು ಗುಂಡು ಹಾರಿಸಿ ಮೂವರು ಅಸುನೀಗಿದ ಪ್ರಕರಣವನ್ನಾಗಲಿ, ‘ನರಬಲಿ’ ಎಂಬ ಕವಿತೆಯ ನಿಮಿತ್ತವಾಗಿ ದ. ರಾ. ಬೇಂದ್ರೆಯವರು ಹಿಂಡಲಗಿಯ ಸೆರೆಮನೆಯನ್ನೂ ಅನಂತರ ಮುಗದದ ನಿರ್ಬಂಧವಾಸವನ್ನೂ ಅನುಭವಿಸಿದ ಸಂಗತಿಯನ್ನಾಗಲಿ ಸರಕಾರದ ಕಡೆಯಿಂದ ಅರಿಯಬೇಕೆನ್ನುವವರು ಮುಂಬಯಿಯ ಪತ್ರಾಗಾರದ ಹಾದಿಯನ್ನು ಹಿಡಿಯಬೇಕಾಗುತ್ತದೆ. ಆ ಸರಕಾರದ ಗೃಹಖಾತೆಯ ‘ವಿಶೇಷ’ ಶಾಖೆಯ ಕಡತಗಳು ಅಲ್ಲಿ ಸಂಗ್ರಹವಾಗಿವೆ. ದೇಶಭಾಷೆಗಳ ಪತ್ರಿಕೆಗಳಲ್ಲಿ ಬಂದುದನ್ನು ಸರಕಾರದ ಭಾಷಾಂತರಕಾರರು ವಾರವಾರವೂ ಇಂಗ್ಲಿಷಿಗೆ ಸಂಗ್ರಹಿಸಿ ಒಪ್ಪಿಸುತ್ತಿದ್ದ ವರದಿಗಳೂ ಉಳಿದುಬಂದಿವೆ. ಕನ್ನಡದ ಮೂಲಸಂಚಿಕೆಯೇ ನಷ್ಟವಾಗಿರುವಲ್ಲಿ ಆ ಶಂಕಾದೃಷ್ಟಿಯ ಸಂಗ್ರಹವೇ ಮೂಲಕ್ಕೆ ಉಳಿದ ಏಕೈಕ ಸಾಕ್ಷಿಯಾಗುವುದೂ ಉಂಟು. ಶತ್ರುಭಾವದಿಂದ ಓದಿದವನೂ ಒಬ್ಬ ಓದುಗನೇ. ಕವಿತೆಯ ಯಾವ ಪದದಲ್ಲಿ ರಾಜದ್ರೋಹದ ವ್ಯಂಗ್ಯಾರ್ಥವನ್ನು ಒಬ್ಬ ಅಧಿಕಾರಿಯು ಕಂಡನೆಂಬುದು ಧ್ವನಿವಿಚಾರದಲ್ಲಿ ಆಸಕ್ತರಾದ ಅಧ್ಯಾಪಕರಿಗೆ ಅಲ್ಪವಿಷಯವಲ್ಲ. ಮುಂಬಯಿ ಸರಕಾರವು 1957 ಮತ್ತು 1958ರಲ್ಲಿ ಸ್ವಾತಂತ್ರ್ಯ ಚಳವಳಿಯ ಇತಿಹಾಸಕ್ಕೆ ಆಧಾರಸಾಮಗ್ರಿ ಎಂದು ಇಂಥ ಪತ್ರಗಳಿಂದಲೇ ಆಯ್ದು ಸಂಪುಟಗಳನ್ನು ಪ್ರಕಟಿಸಿದ್ದಿತು. ಲಂಡನ್ನಿನಲ್ಲಿ ಭಾರತೀಯರ ಮೇಲೆ ಕಣ್ಣಿಟ್ಟಿದ್ದ ‘ಇಂಡಿಯನ್ ಪೊಲಿಟಿಕಲ್ ಇಂಟೆಲಿಜೆನ್ಸ್’ ಎಂಬ ಕಚೇರಿಯ ಕಡತಗಳು ಕೂಡ 1997ರಿಂದ ಬ್ರಿಟಿಷ್ ಲೈಬ್ರರಿಯಲ್ಲಿ ಓದುಗರಿಗೆ ತೆರೆದಿವೆ.

ಇನ್ನು ಸ್ವತಂತ್ರ ಭಾರತದ ಶಾಸನ. ಕರ್ನಾಟಕವು 2000ನೆಯ ಇಸವಿಯಲ್ಲಿಯೇ ತನ್ನದೊಂದು ಮಾಹಿತಿ ಹಕ್ಕಿನ ಅಧಿನಿಯಮವನ್ನು ಮಾಡಿಕೊಂಡಿದ್ದಿತು. ಸಮಗ್ರ ದೇಶಕ್ಕೆ ಅನ್ವಯಿಸುವ ಅಧಿನಿಯಮವು 2005ರಲ್ಲಿ ಹುಟ್ಟಿ ಆ ವರ್ಷದ ಅಕ್ಟೋಬರ 12ರಿಂದ ಪೂರ್ಣವಾಗಿ ಜಾರಿಗೆ ಬಂದಿತು. ಅದರ ಸಾಮಾನ್ಯವಿಧಿಯು ಉದಾರವಾದುದು. ಯಾವ ಪೌರನಾದರೂ, ಕನ್ನಡನಾಡಿನಲ್ಲಾದರೆ ಕನ್ನಡದಲ್ಲಿಯೇ, ಕೇಳಬಹುದು. ಏಕೆ ಕೇಳುತ್ತೀ ಎಂದು ಅಧಿಕಾರಿಯು ಪ್ರಶ್ನಿಸಕೂಡದು. 30 ದಿನಗಳೊಳಗೆ ಉತ್ತರ ಕೊಡತಕ್ಕದ್ದು. ವ್ಯಕ್ತಿಯ ಪ್ರಾಣ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ 48 ತಾಸುಗಳೊಳಗೆ. ಇದಕ್ಕೆ ಹಿಂದೆ 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮವು ರಾಷ್ಟ್ರೀಯ ಪತ್ರಾಗಾರಕ್ಕೆ ಬಂದು ಸೇರಿದ, 30 ವರ್ಷ ಮೀರಿದ, ರಹಸ್ಯವೆಂದು ವರ್ಗೀಕೃತವಾಗದ ಪತ್ರಗಳನ್ನು ನಿಜವಾದ ಸಂಶೋಧಕನಿಗೆ ತೋರಿಸಬಹುದೆಂದು ಮಾತ್ರ ಹೇಳಿದ್ದಿತು. ಅಲ್ಲಿ ಅಧಿಕಾರಿಯು ಯೋಗ್ಯತೆಯನ್ನು ಪರೀಕ್ಷಿಸುವನು. ಇಲ್ಲಿ ಪೌರತ್ವವೇ ಯೋಗ್ಯತೆ.

ಎಂಟನೆಯ ಪ್ರಕರಣದಲ್ಲಿ ಅಪವಾದಗಳು ಹೇಳಲ್ಪಟ್ಟಿವೆ: ದೇಶದ ಸಾರ್ವಭೌಮತೆ ಹಾಗೂ ಭದ್ರತೆಗೆ ಹಾನಿ ತರುವುದು, ತನಿಖೆಗೆ ಅಡ್ಡಬರುವುದು ಮೊದಲಾದವು. ಇವೆಲ್ಲವೂ ಪತ್ರದೊಳಗಿನ ವಿಷಯವನ್ನು ನೋಡಿ ಹೇಳಿದ ನಿಷೇಧಗಳು ಎಂಬುದು ಗಮನಾರ್ಹ. ಹಾನಿಗಿಂತ ಲೋಕಹಿತವು ಹೆಚ್ಚೆಂದು ಕಂಡರೆ ಅವನ್ನೂ ಮೀರಬಹುದು. ಕೊಡತಕ್ಕ ಭಾಗವನ್ನು ಕೊಟ್ಟು ಕೊಡಬಾರದುದನ್ನು ಮುಚ್ಚಬಹುದು. 20 ವರ್ಷ ಕಳೆದರೆ ಅವುಗಳಲ್ಲಿ ಮೂರನ್ನುಳಿದು ಮಿಕ್ಕವು ಸಡಲುತ್ತವೆ. ಆದರೆ ಇಪ್ಪತ್ತನಾಲ್ಕನೆಯ ಪ್ರಕರಣವು ಬೇರೊಂದು ಜಾತಿಯದು. ಎರಡನೆಯ ಅನುಸೂಚಿಯಲ್ಲಿ ಹೆಸರಿಸಿದ ಬೇಹಿನ ಮತ್ತು ಭದ್ರತೆಯ ಸಂಸ್ಥೆಗಳಿಗೆ ಈ ಅಧಿನಿಯಮವೇ ಅನ್ವಯಿಸದೆಂದು ಅದು ವಿಧಿಸುತ್ತದೆ. ಅನುಸೂಚಿಯ ಮೊದಲ ಹೆಸರು ಇಂಟೆಲಿಜೆನ್ಸ್ ಬ್ಯೂರೋ. ಎರಡನೆಯದು 1968ರಲ್ಲಿ ಅದರಿಂದ ಬೇರ್ಪಟ್ಟ, ವಿದೇಶದ ಬೇಹನ್ನು ನೋಡಿಕೊಳ್ಳುವ ಸಂಸ್ಥೆ. ಆರಂಭದಲ್ಲಿ 18 ಸಂಸ್ಥೆಗಳಿದ್ದ ಈ ಪಟ್ಟಿಗೆ 2011ರಲ್ಲಿ ಕೇಂದ್ರೀಯ ತನಿಖಾ ದಳವೂ 2023ರಲ್ಲಿ ಗಣಕಜಾಲದ ಆಪತ್ತುಗಳನ್ನು ನೋಡಿಕೊಳ್ಳುವ ಸರಕಾರಿ ತಂಡವೂ ಸೇರಿದವು. ರಾಜ್ಯ ಸರಕಾರಗಳಿಗೂ ತಮ್ಮ ಇಂಥ ಸಂಸ್ಥೆಗಳನ್ನು ರಾಜ್ಯಪತ್ರದಲ್ಲಿ ಪ್ರಕಟಿಸಿ ಹೊರಗಿಡುವ ಅಧಿಕಾರವುಂಟು. ಅಷ್ಟೇ ಅಲ್ಲ, ಈ ಸಂಸ್ಥೆಗಳು ಸರಕಾರಕ್ಕೆ ಒದಗಿಸಿದ ಮಾಹಿತಿಯೂ ಹೊರಗೇ ಉಳಿಯುತ್ತದೆ. ಅಂದರೆ ಬ್ಯೂರೋದ ಪತ್ರದ ಪ್ರತಿಯೊಂದು ಗೃಹ ಮಂತ್ರಾಲಯದ ಕಪಾಟಿನಲ್ಲಿದ್ದರೂ ಫಲವೊಂದೇ.

ಇಲ್ಲಿ ಶಾಸ್ತ್ರದೃಷ್ಟಿಯಿಂದ ಒಂದು ಭೇದವನ್ನು ಗುರುತಿಸಬೇಕು. ಎಂಟನೆಯ ಪ್ರಕರಣವು ಧರ್ಮವನ್ನು ನೋಡುತ್ತದೆ, ಇಪ್ಪತ್ತನಾಲ್ಕನೆಯದು ಆಶ್ರಯವನ್ನು ನೋಡುತ್ತದೆ. ಪತ್ರದಲ್ಲಿ ಏನಿದೆ ಎಂದು ಒಂದು ಕೇಳಿದರೆ, ಪತ್ರವು ಯಾರ ಮನೆಯದು ಎಂದಷ್ಟೇ ಇನ್ನೊಂದು ಕೇಳುತ್ತದೆ. ಅಧಿನಿಯಮವೇ ಅನ್ವಯಿಸದಿದ್ದಲ್ಲಿ ಲೋಕಹಿತದ ತೂಕವೂ ಇಲ್ಲ, ಭಾಗಶಃ ಕೊಡುವ ಕ್ರಮವೂ ಇಲ್ಲ, 20 ವರ್ಷಗಳ ಅವಧಿಯೂ ಇಲ್ಲ. ನಿನ್ನೆಯ ಪತ್ರವೂ 70 ವರ್ಷದ ಪತ್ರವೂ ಅಲ್ಲಿ ಸಮಾನ.

ಆದರೂ ಆ ಪ್ರಕರಣಕ್ಕೆ ಒಂದು ಪರಂತುಕವಿದೆ. ಭ್ರಷ್ಟಾಚಾರದ ಮತ್ತು ಮಾನವಹಕ್ಕುಗಳ ಉಲ್ಲಂಘನೆಯ ಆರೋಪಗಳಿಗೆ ಸಂಬಂಧಿಸಿದ ಮಾಹಿತಿಯು ಈ ಬಹಿಷ್ಕಾರಕ್ಕೆ ಒಳಪಡದು. ಸಾಮಾನ್ಯವಿಧಿಯು ಉತ್ಸರ್ಗ, ಅದನ್ನು ತಡೆಯುವುದು ಅಪವಾದ, ಅಪವಾದವನ್ನೇ ತಡೆದು ಉತ್ಸರ್ಗವನ್ನು ಪುನಃ ಜೀವಂತಗೊಳಿಸುವುದು ಪ್ರತಿಪ್ರಸವ. ವ್ಯಾಕರಣವನ್ನು ಓದಿದವರಿಗೆ ಇದು ಹೊಸದಲ್ಲ. ಪಾಣಿನಿಯು ಸ್ತ್ರೀಲಿಂಗದ ಈಕಾರಾಂತ ಊಕಾರಾಂತ ಶಬ್ದಗಳಿಗೆ ನದೀ ಎಂಬ ಸಂಜ್ಞೆಯನ್ನು ಕೊಟ್ಟು, ಇಯಙ್ ಉವಙ್ ಆದೇಶಗಳಿಗೆ ಸ್ಥಾನವಾದವುಗಳಿಗೆ ಅದನ್ನು ನಿಷೇಧಿಸಿ, ಆ ನಿಷೇಧವು ಸ್ತ್ರೀ ಎಂಬ ಶಬ್ದಕ್ಕೆ ತಗಲದೆಂದು ಕೂಡಲೆ ಹೇಳುವನು. ಹೀಗೆ ಹಿಂತಿರುಗಿ ಬಂದ ಸಂಜ್ಞೆಯು ಸ್ತ್ರೀಶಬ್ದದಲ್ಲಿ ಅಪೂರ್ಣವಾಗಿ ನಿಲ್ಲುವುದಿಲ್ಲ. ಉತ್ಸರ್ಗದ ಪೂರ್ಣಬಲದಿಂದಲೇ ನಿಲ್ಲುವುದು. ಅಧಿನಿಯಮದ ಪ್ರತಿಪ್ರಸವಕ್ಕಾದರೋ ಅಷ್ಟು ಬಲವಿಲ್ಲ. ಮಾನವಹಕ್ಕುಗಳ ವಿಷಯದಲ್ಲಿ ಮಾಹಿತಿ ಆಯೋಗದ ಅನುಮೋದನೆಯು ಬೇಕು, ಅವಧಿಯು 30ರ ಬದಲು 45 ದಿನ. ಕೈಕಟ್ಟಿದ ಪ್ರತಿಪ್ರಸವವೆಂದರೆ ತಪ್ಪಾಗಲಾರದು.

ಈ ಪರಂತುಕದ ಅರ್ಥದಲ್ಲಿಯೂ ವಿವಾದವು ಹುಟ್ಟಿತು. ಭ್ರಷ್ಟಾಚಾರದ ಆರೋಪವೆಂದರೆ ಬೇಹಿನ ಸಂಸ್ಥೆಯ ಸ್ವಂತ ನೌಕರರ ಮೇಲಣ ಆರೋಪವೇ, ಅಥವಾ ಆ ಸಂಸ್ಥೆಯ ಪತ್ರದಲ್ಲಿ ಉಕ್ತವಾದ ಯಾರ ಮೇಲಣ ಆರೋಪವಾದರೂ ಆದೀತೇ? ಅರಣ್ಯಾಧಿಕಾರಿ ಸಂಜೀವ ಚತುರ್ವೇದಿಯವರು ಇಂಟೆಲಿಜೆನ್ಸ್ ಬ್ಯೂರೋದಿಂದ ಪತ್ರವನ್ನು ಯಾಚಿಸಿದ ಪ್ರಕರಣದಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯವು 2017ರಲ್ಲಿ ಎರಡನೆಯ ಪಕ್ಷವನ್ನೇ ಎತ್ತಿಹಿಡಿಯಿತು: ಮಾಹಿತಿಯು ಭ್ರಷ್ಟಾಚಾರದ ಆರೋಪಕ್ಕೆ ಸಂಬಂಧಿಸಿದ್ದಾದರೆ ಸಾಕು, ಆರೋಪಿತನು ಬ್ಯೂರೋದವನೇ ಆಗಿರಬೇಕೆಂಬ ನಿರ್ಬಂಧವಿಲ್ಲ. ಶಬ್ದದಲ್ಲಿಲ್ಲದ ವಿಶೇಷಣವನ್ನು ಅಧ್ಯಾಹಾರ ಮಾಡಿ ಅರ್ಥವನ್ನು ಕುಗ್ಗಿಸಬಾರದೆಂಬುದು ಮೀಮಾಂಸಕರಿಗೂ ಸಮ್ಮತವಾದ ಮಾರ್ಗವೇ ಆಗಿರುವುದರಿಂದ ಈ ನಿರ್ಣಯವು ಯುಕ್ತವೆಂದು ತೋರುತ್ತದೆ.

ಕರ್ನಾಟಕದಲ್ಲಿ ಎದ್ದ ಪ್ರಶ್ನೆಯು ಇನ್ನೂ ಮೂಲಕ್ಕೆ ಹೋಗುವಂಥದು. ಬ್ಯೂರೋದ ನಿವೃತ್ತ ಅಧಿಕಾರಿ ಆರ್. ಎನ್. ಕುಲಕರ್ಣಿಯವರು 2012ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದೆ ಸಾರ್ವಜನಿಕ ಹಿತಾಸಕ್ತಿಯ ಅರ್ಜಿಯನ್ನು ತಂದು, ಈ ಸಂಸ್ಥೆಯು ಯಾವ ಶಾಸನದಿಂದ ಹುಟ್ಟಿತೆಂದು ಪ್ರಶ್ನಿಸಿದರು. ಅದರ ಬೇರು 1887ರ ಆಡಳಿತಾಜ್ಞೆಯೊಂದರಲ್ಲಿದೆ. ಅದನ್ನು ಸೃಷ್ಟಿಸಿದ ಅಧಿನಿಯಮವೆಂಬುದಿಲ್ಲ. ಸಂವಿಧಾನದ ಏಳನೆಯ ಅನುಸೂಚಿಯ ಕೇಂದ್ರಪಟ್ಟಿಯಲ್ಲಿ ಎಂಟನೆಯ ನಮೂದು ಇಂಥ ಬ್ಯೂರೋದ ವಿಷಯದಲ್ಲಿ ಶಾಸನ ಮಾಡುವ ಅಧಿಕಾರವನ್ನು ಸಂಸತ್ತಿಗೆ ಕೊಡುವುದೇನೋ ನಿಜ. ಆದರೆ ಅಧಿಕಾರವಿರುವುದು ಬೇರೆ, ಅದನ್ನು ಚಲಾಯಿಸಿ ಶಾಸನ ಮಾಡುವುದು ಬೇರೆ. ಮಾಹಿತಿ ಹಕ್ಕಿನ ಅಧಿನಿಯಮವು ಈ ಸಂಸ್ಥೆಯನ್ನು ಹೆಸರಿಸುವುದು ತಾನು ಅದಕ್ಕೆ ಅನ್ವಯಿಸುವುದಿಲ್ಲವೆಂದು ಹೇಳುವುದಕ್ಕಾಗಿ ಮಾತ್ರ!

ಇಲ್ಲಿ ಪೂರ್ವಪಕ್ಷಕ್ಕೂ ನ್ಯಾಯವನ್ನು ಸಲ್ಲಿಸಬೇಕು. ಬೇಹುಗಾರನ ಹೆಸರು ಹೊರಬಿದ್ದರೆ ಅವನ ಪ್ರಾಣಕ್ಕೇ ಸಂಚಕಾರ. ಒಂದೊಂದಾಗಿ ನಿರುಪದ್ರವವೆನಿಸುವ ತುಣುಕುಗಳನ್ನು ವೈರಿಯು ಜೋಡಿಸಿಕೊಂಡು ಇಡೀ ಚಿತ್ರವನ್ನು ಕಂಡುಕೊಳ್ಳಬಲ್ಲನು. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೊದಲ ಬಾರಿಗೆ ಅಚ್ಚುಹಾಕಿಸಿದ ಕೌಟಲೀಯ ಅರ್ಥಶಾಸ್ತ್ರವೂ ಸಂಕೇತಲಿಪಿಯಿಂದ ವಾರ್ತೆಯನ್ನು ಸಾಗಿಸತಕ್ಕದ್ದೆಂದೂ ಚರರು ಒಬ್ಬರನ್ನೊಬ್ಬರು ಅರಿಯಬಾರದೆಂದೂ ವಿಧಿಸುತ್ತದೆ. ಆದರೆ ಈ ವಾದವನ್ನು ಎತ್ತುವವರು ಸಾಮಾನ್ಯವಾಗಿ ಮರೆಯುವ ಅಂಶವೊಂದು ಅದೇ ಗ್ರಂಥದಲ್ಲಿದೆ. ಮೂವರು ಚರರ ಮಾತು ಒಂದಾದಾಗಲೇ ರಾಜನು ನಂಬತಕ್ಕದ್ದು; ಪದೇಪದೇ ತಪ್ಪುವವನಿಗೆ ಗುಪ್ತದಂಡನೆ ಅಥವಾ ಪದಚ್ಯುತಿ. ಚರವಾರ್ತೆಯು ಸ್ವತಃಪ್ರಮಾಣವಲ್ಲ, ಪರೀಕ್ಷೆಯನ್ನು ಅಪೇಕ್ಷಿಸುವುದೆಂಬುದೇ ಕೌಟಲ್ಯನ ಮತ. ಆ ಕಾಲದಲ್ಲಿ ಪರೀಕ್ಷಕನು ರಾಜನೊಬ್ಬನೇ ಆಗಿದ್ದನು. ರಾಜನ ಸ್ಥಾನದಲ್ಲಿ ಪ್ರಜೆಯು ಕುಳಿತಿರುವ ವ್ಯವಸ್ಥೆಯಲ್ಲಿ ಪರೀಕ್ಷೆಯ ಅಧಿಕಾರವೂ, ತಡವಾಗಿಯಾದರೂ, ಪ್ರಜೆಗೆ ಬರಬೇಡವೇ? ಸುಭಾಷಚಂದ್ರ ಬೋಸರ ಕುಟುಂಬದವರ ಮೇಲೆ ಸ್ವಾತಂತ್ರ್ಯಾನಂತರವೂ 1968ರ ವರೆಗೆ ಬೇಹು ನಡೆದಿತ್ತೆಂಬ ಸಂಗತಿಯು 2015ರಲ್ಲಿ ಹಳೆಯ ಕಡತಗಳಿಂದಲೇ ತಿಳಿದುಬಂದಿತು. ಅದೇ ವರ್ಷ ಸೆಪ್ಟೆಂಬರದಲ್ಲಿ ಪಶ್ಚಿಮ ಬಂಗಾಳ ಸರಕಾರವು 64 ಕಡತಗಳನ್ನೂ 2016ರ ಜನವರಿಯಲ್ಲಿ ಕೇಂದ್ರ ಸರಕಾರವು 100 ಕಡತಗಳನ್ನೂ ಹೊರಗಿಟ್ಟವು. ರಾಜ್ಯಕ್ಕೆ ಅದರಿಂದ ಯಾವ ವಿಪತ್ತೂ ಒದಗಲಿಲ್ಲ.

ಪರದೇಶದ ಪದ್ಧತಿಯು ತುಸು ಭಿನ್ನ. ಅಮೆರಿಕೆಯಲ್ಲಿ 1966ರ ಶಾಸನವು ಸಿ. ಐ. ಎ. ಎಂಬ ಬೇಹಿನ ಸಂಸ್ಥೆಯನ್ನೂ ಒಳಗೊಳ್ಳುತ್ತದೆ. 1984ರಲ್ಲಿ ಅದರ ಕಾರ್ಯಾಚರಣೆಯ ಕಡತಗಳಿಗೆ ವಿನಾಯಿತಿ ದೊರೆಯಿತೇ ಹೊರತು ಸಂಸ್ಥೆಗೆ ದೊರೆಯಲಿಲ್ಲ. ಅಂಥ ಪತ್ರವು ಇದೆಯೆಂದೂ ಹೇಳೆವು, ಇಲ್ಲವೆಂದೂ ಹೇಳೆವು ಎಂಬ ವಿಲಕ್ಷಣವಾದ ಉತ್ತರವು ಅಲ್ಲಿ 1970ರ ದಶಕದಲ್ಲಿ ಹುಟ್ಟಿ ಇಂದಿಗೂ ಬಳಕೆಯಲ್ಲಿದೆ; ನೈಯಾಯಿಕರು ಇದನ್ನು ಕೇಳಿದ್ದರೆ ನಕ್ಕಾರು. ಆದರೂ ಉತ್ತರವನ್ನು ಕೊಡಲೇಬೇಕು, ನ್ಯಾಯಾಲಯದಲ್ಲಿ ಸಮರ್ಥಿಸಲೂಬೇಕು. ಅಲ್ಲಿ ಯಾಚಿಸುವವನು ಆ ದೇಶದ ಪೌರನೇ ಆಗಿರಬೇಕೆಂದಿಲ್ಲ. ಧಾರವಾಡದ ಅಧ್ಯಾಪಕರೊಬ್ಬರು ಸಪ್ತಸಾಗರಗಳಾಚೆಯ ಬೇಹಿನ ಸಂಸ್ಥೆಗೆ ಅರ್ಜಿ ಬರೆದರೆ ಕಾರಣಸಹಿತವಾದ ಉತ್ತರವನ್ನು ಅಪೇಕ್ಷಿಸಬಹುದು. ತಮ್ಮದೇ ದೇಶದ ಸಂಸ್ಥೆಯು ಇಪ್ಪತ್ತನಾಲ್ಕನೆಯ ಪ್ರಕರಣವನ್ನು ಉದ್ಧರಿಸಿ ಒಂದೇ ವಾಕ್ಯದಲ್ಲಿ ಮುಗಿಸಬಹುದು.

ಹೀಗಿರಲು ಶೋಧಕನು ಅನುಸರಿಸಬೇಕಾದ ಕ್ರಮವನ್ನು ಒಂದು ನಿದರ್ಶನದಿಂದ ನೋಡಬಹುದು. 1953ರ ಮಾರ್ಚ–ಏಪ್ರಿಲ ತಿಂಗಳುಗಳಲ್ಲಿ ಕರ್ನಾಟಕದ ಏಕೀಕರಣಕ್ಕಾಗಿ ಅದರಗುಂಚಿಯ ಶಂಕರಗೌಡ ಪಾಟೀಲರು ಉಪವಾಸವನ್ನು ಕೈಕೊಂಡುದೂ ಹುಬ್ಬಳ್ಳಿಯಲ್ಲಿ ಜನಕ್ಷೋಭೆಯುಂಟಾದುದೂ ಪ್ರಸಿದ್ಧವಷ್ಟೆ. ಆ ಸಂಗತಿಯ ಸರಕಾರಿ ಪತ್ರಗಳನ್ನು ಅರಸುವವರು ಮೊದಲೇ ಬ್ಯೂರೋಗೆ ಅರ್ಜಿ ಬರೆಯುವುದು ಮುಚ್ಚಿದ ಬಾಗಿಲನ್ನು ತಟ್ಟಿದಂತೆ. ಹುಬ್ಬಳ್ಳಿಯು ಅಂದು ಮುಂಬಯಿ ರಾಜ್ಯದ್ದಾದುದರಿಂದ ಆ ಸರಕಾರದ ಗೃಹಖಾತೆಯ ಉತ್ತರಾಧಿಕಾರಿಯಾದ ಮಹಾರಾಷ್ಟ್ರದ ಗೃಹಖಾತೆಗೂ ಅಲ್ಲಿಯ ಪತ್ರಾಗಾರಕ್ಕೂ ಮೊದಲು ಬರೆಯತಕ್ಕದ್ದು. ಜಿಲ್ಲಾಧಿಕಾರಿಯ ಮತ್ತು ಸಾಮಾನ್ಯ ಪೊಲೀಸಿನ ವರದಿಗಳು ಬೇಹಿನ ಸಂಸ್ಥೆಯವಲ್ಲವಾದುದರಿಂದ ಅವುಗಳಿಗೆ ಎಂಟನೆಯ ಪ್ರಕರಣವೂ ಅದರ 20 ವರ್ಷಗಳ ನಿಯಮವೂ ಅನ್ವಯಿಸುತ್ತವೆ. ಹೆಸರುಗಳ ವಿಷಯದಲ್ಲಿ ಅಧಿಕಾರಿಯು ಹಿಂಜರಿದರೆ, ಹತ್ತನೆಯ ಪ್ರಕರಣದಂತೆ ಅವನ್ನು ಮುಚ್ಚಿ ಉಳಿದುದನ್ನು ಕೊಡಿರೆಂದು ಅರ್ಜಿಯಲ್ಲಿಯೇ ಕೇಳಿಕೊಳ್ಳಬಹುದು. ದಿಲ್ಲಿಯ ವಿಷಯದಲ್ಲಿ ಅರ್ಜಿಯನ್ನು ರಾಷ್ಟ್ರೀಯ ಪತ್ರಾಗಾರಕ್ಕೆ ಕಳಿಸುವುದು ಲೇಸು, ಅದು ಅನುಸೂಚಿಯಲ್ಲಿಲ್ಲ. ಇನ್ನೊಂದು ಕಚೇರಿಗೆ ಸೇರಿದ ಅರ್ಜಿ ಬಂದರೆ ಐದು ದಿನಗಳೊಳಗೆ ಅಲ್ಲಿಗೆ ವರ್ಗಾಯಿಸುವ ಹೊಣೆಯು ಆರನೆಯ ಪ್ರಕರಣದಂತೆ ಅಧಿಕಾರಿಯದು. ನಿರಾಕರಣೆ ಬಂದರೆ 30 ದಿನಗಳಲ್ಲಿ ಮೊದಲ ಮೇಲ್ಮನವಿ, ಅದರ ನಿರ್ಣಯದಿಂದ 90 ದಿನಗಳಲ್ಲಿ ಆಯೋಗಕ್ಕೆ ಎರಡನೆಯದು. ಆ ಕ್ಷೋಭೆಯಲ್ಲಿ ಯಾರ ಮೇಲಾದರೂ ಅಧಿಕಾರಿಗಳಿಂದ ಅತ್ಯಾಚಾರ ನಡೆಯಿತೆಂಬ ಆರೋಪವು ಸಮಕಾಲೀನ ಪತ್ರಿಕೆಗಳಲ್ಲಿ ದೊರೆತರೆ ಅದರ ಪ್ರತಿಯನ್ನು ಅರ್ಜಿಗೆ ಲಗತ್ತಿಸತಕ್ಕದ್ದು. ಇಪ್ಪತ್ತನಾಲ್ಕನೆಯ ಪ್ರಕರಣದ ಪರಂತುಕವು ಕೇಳುವುದು ಆರೋಪವನ್ನೇ ಹೊರತು ಸಿದ್ಧವಾದ ಅಪರಾಧವನ್ನಲ್ಲ.