ಕಾರ್ಟೂನು ಚಲಚ್ಚಿತ್ರಗಳಲ್ಲಿ ಆಂಗಿಕವೂ ವಾಚಿಕವೂ

ಚಲಚ್ಚಿತ್ರವು ಸೆಕೆಂಡಿಗೆ 24 ಚಿತ್ರಗಳಂತೆ ಓಡುವುದರಿಂದ, ಕೈಯಿಂದ ಬರೆದ ಕಾರ್ಟೂನೊಂದಕ್ಕೆ ಸಾವಿರಾರು ಚಿತ್ರಗಳು ಬೇಕಾಗುತ್ತಿದ್ದುವು. ವಿಲಿಯಂ ಹ್ಯಾನಾ, ಜೋಸೆಫ್ ಬಾರ್ಬೆರಾ ಇವರು 1940ರಲ್ಲಿ ಆರಂಭಿಸಿದ ‘ಟಾಮ್ ಅಂಡ್ ಜೆರ್ರಿ’ ಮಾಲೆಯಲ್ಲಿ ಬೆಕ್ಕು ಇಲಿಗಳು ಮಾತನಾಡುವುದು ವಿರಳ. ಓಟ, ಪತನ, ಮುಖಭಾವಗಳೇ ಕಥೆಯನ್ನು ನಡಸುತ್ತವೆ. ಇದು ಆಂಗಿಕಪ್ರಧಾನವಾದ ಕಲೆ.

1957ರಲ್ಲಿ ಎಂ.ಜಿ.ಎಂ. ಸಂಸ್ಥೆಯು ಕಾರ್ಟೂನು ವಿಭಾಗವನ್ನು ಮುಚ್ಚಲು, ಇಬ್ಬರೂ ಟೆಲಿವಿಷನ್ನಿಗೆ ತಿರುಗಿದರು. ಅಲ್ಲಿ ದೊರೆಯುತ್ತಿದ್ದ ಹಣ ಅಲ್ಪ. ಆದಕಾರಣ ಒಡಲನ್ನು ನಿಶ್ಚಲವಾಗಿರಿಸಿ, ತಲೆ ಬಾಯಿಗಳನ್ನು ಮಾತ್ರ ಹೊಸದಾಗಿ ಬರೆಯುವ ಪದ್ಧತಿಯನ್ನು ಅವರು ಅನುಸರಿಸಿದರು. 1958ರಲ್ಲಿ ತೋರಿಬಂದ ಯೋಗಿ ಎಂಬ ಕರಡಿಯ ಕೊರಳಪಟ್ಟಿಯು ಬರಿಯ ಅಲಂಕಾರವಲ್ಲ. ತಲೆಯೂ ಒಡಲೂ ಕೂಡುವ ಗೆರೆಯನ್ನು ಮರೆಸುವ ಉಪಾಯ.

ಚಲನೆ ಕುಗ್ಗಿದಂತೆಲ್ಲ ಹಾಸ್ಯದ ಭಾರವು ಮಾತಿನ ಮೇಲೆ ಬಿದ್ದಿತು. ಚಿತ್ರಕಾರನ ಕೈ ಕಳೆದುಕೊಂಡುದನ್ನು ನಟನ ಕಂಠವು ತುಂಬಬೇಕಾಯಿತು. ಇದನ್ನು ಕಲೆಯ ಅವನತಿಯೆಂದಷ್ಟೇ ಎಣಿಸಲಾಗದು; ದಾರಿದ್ರ್ಯವೇ ಇಲ್ಲಿ ವಾಚಿಕಕ್ಕೆ ಪ್ರಾಧಾನ್ಯವನ್ನು ತಂದಿತು.