ಹಳೇ ಪಿಕಪ್‌ನಲ್ಲಿ ಎಬಿಎಸ್ ಲೈಟ್ ಆರ್ತಾನೇ ಇಲ್ವಾ?

ಕೀ ಆನ್ ಮಾಡಿದ ತಕ್ಷಣ ಹಳದಿ ಎಬಿಎಸ್ ಲೈಟ್ ಬಂದು, ಕೆಲವೇ ಸೆಕೆಂಡಲ್ಲಿ ಆರಬೇಕು. ನಿಮ್ಮ ಪಿಕಪ್‌ನಲ್ಲಿ ಕೆಂಗೇರಿಯಿಂದ ರಾಜಾಜಿನಗರದವರೆಗೂ ಉರಿತಾನೇ ಇದೆಯಾ?

ಲೈಟ್ ಉರೀತಿದ್ರೂ ಮಾಮೂಲಿ ಬ್ರೇಕ್ ಹಿಡಿಯುತ್ತೆ. ಆದರೆ ಚಕ್ರ ಲಾಕ್ ಆಗದಂತೆ ತಡೆಯೋ ಎಬಿಎಸ್ ಕೆಲಸ ಮಾಡದೆ, ಮಳೆಯಲ್ಲಿ ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗಿ ಗಾಡಿ ಜಾರಬಹುದು. ಜೊತೆಗೆ ಕೆಂಪು ಬ್ರೇಕ್ ಲೈಟೂ ಬಂದ್ರೆ ಪಕ್ಕಕ್ಕೆ ನಿಲ್ಲಿಸಿ, ಮುಂದೆ ಓಡಿಸಬೇಡಿ.

ಮೊದಲು ಬ್ರೇಕ್ ಆಯಿಲ್ ಮಟ್ಟ, ಎಬಿಎಸ್ ಫ್ಯೂಸ್, ಬ್ಯಾಟರಿ ವೋಲ್ಟೇಜ್ ನೋಡಿ.

ಆಮೇಲೆ ಸ್ಕ್ಯಾನರ್. ಅಗ್ಗದ ಸ್ಕ್ಯಾನರ್‌ಗಳಲ್ಲಿ ಹೆಚ್ಚಿನವು ಎಂಜಿನ್ ಕೋಡ್ ಮಾತ್ರ ಓದ್ತವೆ. ಎಬಿಎಸ್ ಓದೋದೇ ಬೇಕು. ಸಿ0035 ಬಂದ್ರೆ ಸಾಮಾನ್ಯವಾಗಿ ಮುಂದಿನ ಎಡ ಚಕ್ರದ ಸ್ಪೀಡ್ ಸೆನ್ಸರ್ ಸರ್ಕ್ಯೂಟ್‌ನಲ್ಲಿ ದೋಷ ಅಂತ. ಸೆನ್ಸರೇ ಹೋಗಿದೆ ಅಂತಲ್ಲ!

ಖಾಲಿ ರಸ್ತೆಯಲ್ಲಿ 20–30 ಕಿ.ಮೀ. ವೇಗದಲ್ಲಿ ಓಡಿಸಿ. ಪಕ್ಕದಲ್ಲಿ ಕೂತವರು ಸ್ಕ್ಯಾನರ್‌ನಲ್ಲಿ ಪ್ರತಿ ಚಕ್ರದ ವೇಗದ ಲೈವ್ ಡೇಟಾ ನೋಡಲಿ. ಉಳಿದ ಚಕ್ರಗಳು 25 ತೋರಿಸುವಾಗ ಒಂದು ಮಾತ್ರ ಸೊನ್ನೆಗೆ ಬಿದ್ರೆ, ಆ ಚಕ್ರ ಬಿಚ್ಚಿಸಿ.

ಅಲ್ಲಿ ನಾಲ್ಕು ವಿಷಯ ನೋಡಿ. ಸೆನ್ಸರ್ ತುದಿಯ ಆಯಸ್ಕಾಂತಕ್ಕೆ ಕಬ್ಬಿಣದ ಪುಡಿ ಅಂಟಿದೆಯಾ? ಹಲ್ಲಿನ ರಿಂಗ್ ತುಕ್ಕು ಹಿಡಿದಿದೆಯಾ, ಬಿರುಕು ಬಿಟ್ಟಿದೆಯಾ? ಮೈಸೂರು ರಸ್ತೆಯ ಮಳೆನೀರು, ಕೆಸರು ಕನೆಕ್ಟರ್ ಒಳಗೆ ಹೋಗಿದೆಯಾ, ವೈರ್ ಒಳಗೇ ತುಂಡಾಗಿದೆಯಾ? ವೀಲ್ ಬೇರಿಂಗ್ ಆಡ್ತಿದೆಯಾ? ಎಷ್ಟೋ ಸಲ ಬರೀ ಕ್ಲೀನ್ ಮಾಡಿದ್ರೇ ಸರಿಹೋಗುತ್ತೆ.

ರಿಪೇರಿ ಆದ್ಮೇಲೆ ಕೋಡ್ ಅಳಿಸಿ, ಸ್ವಲ್ಪ ದೂರ ಓಡಿಸಿ. ಕೆಲವು ಗಾಡಿಗಳಲ್ಲಿ ಓಡಿಸಿದ ಮೇಲೇ ಲೈಟ್ ಆರೋದು.

ಲೈಟ್ ಕಾಣಬಾರದು ಅಂತ ಬಲ್ಬ್ ಮಾತ್ರ ಕೀಳಿಸಬೇಡಿ. ಹೊಸ ಸೆನ್ಸರ್‌ಗೆ ದುಡ್ಡು ಕೊಡೋ ಮುಂಚೆ ಮೆಕ್ಯಾನಿಕ್‌ಗೆ ಹೇಳಿ: “ಅಣ್ಣ, ಲೈವ್ ಡೇಟಾ ಒಮ್ಮೆ ತೋರಿಸಿ.”